ಎರಡು ಸಾವಿರದ ನಾನೂರ ಒಂದನೆಯ ಎಳೆ

ಮೊಳಕಾಲ್ಮುರಿನ ಯರ್ರಮ್ಮನ ಕಸುಬು ಕೆಚ್ಚುವುದು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳಾದ ಹಾಸು ಮುಗಿಯುತ್ತ ಬಂದಾಗ ನೇಕಾರರು ಅದನ್ನು ಪೂರ್ತಿ ತೆಗೆಯುವುದಿಲ್ಲ. ಗೇಣುದ್ದ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಒಂದು ಸೀರೆಗೆ ಎರಡು ಸಾವಿರದ ನಾನೂರು ಎಳೆ.

ಯರ್ರಮ್ಮನಿಗೆ ಓದು ಬರದು, ಕ್ರಮ ಮಾತ್ರ ತಪ್ಪದು. ಬಲದಿಂದ ಎಡಕ್ಕೇ ಹೋಗಬೇಕು. ನೂರಾದ ಕೂಡಲೇ ಕೆಂಪು ದಾರ ಕಟ್ಟಬೇಕು. ನಡುವೆ ಎದ್ದರೆ ಬಿಟ್ಟ ಜಾಗಕ್ಕೊಂದು ಕಡ್ಡಿ ಸಿಕ್ಕಿಸಬೇಕು. ಅವಳು ಹೀಗೆ ಮಗ್ಗದ ಹಿಂದೆ ಕೂತಿದ್ದಾಗ ನೇಕಾರ ಬೊಮ್ಮಯ್ಯ ಮುಂದೆ, ನೇಯುವವರು ಕಾಲು ಇಳಿಬಿಡುವ ಗುಂಡಿಯಲ್ಲಿ ಕೂತು ಎಳೆಯನ್ನು ಎರಡು ಸಲ ಜಗ್ಗುತ್ತಿದ್ದ. ಮುಗೀತೇನ್ರೀ ಅತ್ತೆ, ಎಂದು ಅದರ ಅರ್ಥ; ಕೇರಿಯವರಿಗೆಲ್ಲ ಅವಳು ಅತ್ತೆ. ಮುಗಿದಿದ್ದರೆ ಅವಳೂ ಎರಡು ಸಲ ಜಗ್ಗುವಳು.

೧೯೦೪ರ ಪ್ಲೇಗಿನಲ್ಲಿ ಊರಿನವರೆಲ್ಲ ಹೊರಗೆ ಗುಡಿಸಲು ಹಾಕಿಕೊಂಡರು. ಬೊಮ್ಮಯ್ಯ ಅಲ್ಲೇ ತೀರಿಹೋದ. ಮೂರು ತಿಂಗಳ ಮೇಲೆ ಜನ ಮರಳತೊಡಗಿದಾಗ ಅವನ ಹೆಂಡತಿ ತಿಪ್ಪಮ್ಮ ಮನೆ ಗುಡಿಸಿ ಸುಣ್ಣ ಬಳಿದಳು. ಗುಂಡಿಗೆ ಮುಚ್ಚಿದ್ದ ಹಲಗೆಯನ್ನು ಮಾತ್ರ ತೆಗೆಯಲಿಲ್ಲ. ಅದು ಗಂಡ ಕೂರುತ್ತಿದ್ದ ಜಾಗ.

"ನಾನೇ ನೇಯ್ತೀನಿ ಅತ್ತೆ. ಇವತ್ತೇ ಕೆಚ್ಚಿಬಿಡ್ರಿ. ಸಂಜೆಗೆ ನಮ್ಮವ್ವ ಗುಡಿಸಲಿಂದ ಮಕ್ಕಳನ್ನ ಕರ್ಕೊಂಡು ಬರ್ತಾಳೆ."

ಮುಂಜಾನೆ ಕೂತ ಯರ್ರಮ್ಮ ಹೊತ್ತು ಇಳಿಯುವಾಗ ಇಪ್ಪತ್ತನಾಲ್ಕನೆಯ ಕೆಂಪು ದಾರ ಕಟ್ಟಿದಳು. ಹೊಸ ಎಳೆಗಳು ಮುಗಿದಿದ್ದವು. ಹಳೆಯದರಲ್ಲಿ ಒಂದು ಉಳಿದಿತ್ತು. ಇಪ್ಪತ್ತನಾಲ್ಕು ಕಟ್ಟನ್ನೂ ಮತ್ತೆ ಎಣಿಸಿದಳು. ಎಲ್ಲವೂ ನೂರು.

ಬಾಗಿಲಲ್ಲಿ ನಿಂತಿದ್ದ ತಿಪ್ಪಮ್ಮನ ಮೈದುನ ವೆಂಕಟಪ್ಪ ನಕ್ಕ. "ಕಣ್ಣಿಗೆ ಪೊರೆ ಬಂತೇನ್ರೀ ಅತ್ತೆ? ಒಂದೆಳೆ ತಾನೆ, ಕಿತ್ತು ಬಿಸಾಕ್ರಿ."

"ನಿನ್ನ ಹಲ್ಲೊಂದು ಹೆಚ್ಚಾದ್ರೆ ಕಿತ್ತು ಬಿಸಾಕ್ತೀಯೇನ್ಲೇ? ಎಲ್ಲಿಂದ ಬಂತು ಅಂತ ನೋಡ್ಬೇಕು."

ಅವಳು ಎಳೆಯನ್ನು ಬೆರಳಲ್ಲಿ ಹಿಡಿದಳು. ಅದು ಬಿಗಿಯಾಯಿತು. ಆಮೇಲೆ ಆ ಕಡೆಯಿಂದ ಯಾರೋ ಜಗ್ಗಿದಂತಾಯಿತು. ಎರಡು ಸಲ.

ವೆಂಕಟಪ್ಪನ ನಗು ನಿಂತಿತು. ಎಳೆ ನಡುಗಿದ್ದನ್ನು ಅವನೂ ಕಂಡಿದ್ದ.

"ನಾನು ಹೊರಗಿರ್ತೀನಿ," ಎಂದು ಅಂಗಳಕ್ಕೆ ಇಳಿದ.

ಯರ್ರಮ್ಮ ಎಳೆಯ ಜಾಡು ಹಿಡಿದು ಮುಂದಕ್ಕೆ ಬಂದಳು. ಅದು ಇತರ ಎಳೆಗಳ ಜೊತೆ ಸೇರದೆ, ಕೆಳಗಿಳಿದು ಹಲಗೆಯ ಸಂದಿಯಲ್ಲಿ ಮಾಯವಾಗಿತ್ತು.

"ಹಲಗೆ ತೆಗಿ ಅಮ್ಮಾಯಿ," ಎಂದು ತಿಪ್ಪಮ್ಮನನ್ನು ಕರೆದಳು.

"ಬ್ಯಾಡ್ರಿ ಅತ್ತೆ. ಅವ್ರು ಅಲ್ಲಿ..." ತಿಪ್ಪಮ್ಮ ಹಲಗೆಗೆ ಅಡ್ಡ ನಿಂತಳು.

"ಇದ್ರೆ ಕೇಳೋಣ, ಏನು ಬೇಕು ಅಂತ."

ಇಬ್ಬರೂ ಹಲಗೆ ಎತ್ತಿದರು. ಗುಂಡಿಯ ಮೂಲೆಯಲ್ಲಿ ಬೊಮ್ಮಯ್ಯ ಬಿಟ್ಟುಹೋಗಿದ್ದ ರೇಷ್ಮೆ ಚೆದುರಿ ಬಿದ್ದಿತ್ತು. ಯರ್ರಮ್ಮ ಹಿಡಿದು ಬಂದ ಎಳೆಯೂ ಅದರದೇ; ಅದರ ತುದಿ ಕಾಲಿಗೆ ಸುತ್ತಿಕೊಂಡು ಒಂದು ಇಲಿ ಸತ್ತಿತ್ತು.

ಸತ್ತ ಇಲಿ ಎಂದರೆ ಏನೆಂದು ಆ ವರ್ಷ ಯಾರಿಗೂ ಹೇಳಬೇಕಾಗಿರಲಿಲ್ಲ. ತಿಪ್ಪಮ್ಮ ಓಡಿದಳು, ಮಕ್ಕಳು ಹೊರಡುವ ಮೊದಲೇ ಗುಡಿಸಲು ಮುಟ್ಟಿದಳು. ಮಕ್ಕಳನ್ನು ಅಜ್ಜಿಯ ಬಳಿಯೇ ಬಿಟ್ಟು ಯರ್ರಮ್ಮ, ತಿಪ್ಪಮ್ಮ, ವೆಂಕಟಪ್ಪ ಮೂವರೂ ಹತ್ತು ದಿನ ಬೇರೆ ಗುಡಿಸಲಲ್ಲಿದ್ದರು. ಯಾರಿಗೂ ಜ್ವರ ಬರಲಿಲ್ಲ.

ಇಲಿ ಸತ್ತು ಎರಡು ದಿನವಾದರೂ ಆಗಿತ್ತು. ಮೈ ಸೆಟೆದು, ಕಣ್ಣಿಗೆ ಇರುವೆ ಹತ್ತಿತ್ತು. ಎಳೆ ಜಗ್ಗಿದ್ದು ಅದಲ್ಲ. ಇದನ್ನು ಯರ್ರಮ್ಮ ಒಬ್ಬಳೇ ಗಮನಿಸಿದ್ದಳು, ತಿಪ್ಪಮ್ಮನಿಗೆ ಹೇಳಲಿಲ್ಲ.

ಬೇಸಗೆ ಕಳೆದ ಮೇಲೆ ಮನೆಗೆ ಮರಳಿ, ಆ ದಿನದ ಕೆಚ್ಚನ್ನು ಕತ್ತರಿಸಿ ಇನ್ನೊಂದು ಹೊಸ ಹಾಸು ಕೆಚ್ಚಿದಳು. ಹಳೆಯದು, ಹೊಸದು ಎರಡೂ ಕಡೆ ಸರಿಯಾಗಿ ಎರಡು ಸಾವಿರದ ನಾನೂರು. ಕೊನೆಯ ದಾರ ಕಟ್ಟಿ, ಖಾಲಿ ಗುಂಡಿಯ ಕಡೆಗೆ ಎಳೆಯನ್ನು ಎರಡು ಸಲ ಜಗ್ಗಿ ಸ್ವಲ್ಪ ಹೊತ್ತು ಕಾದಳು. ಎಳೆ ಸುಮ್ಮನಿತ್ತು.

"ಇಳಿ ಅಮ್ಮಾಯಿ, ನೇಯಿ," ಎಂದಳು.