ಸತ್ತ ಕುರಿಯ ಕಿವಿ

ಅರವತ್ತರ ದಶಕದಲ್ಲಿ ನಾನು ಹೊಸನಗರದ ಕಡೆ ದನದ ಡಾಕ್ಟರಾಗಿದ್ದೆ. ಹೊಸ ಕೆಲಸ. ಕೇಳಿದ್ದಕ್ಕೆಲ್ಲ ತಟ್ಟನೆ ಉತ್ತರ ಕೊಡುವ ಚಟ ಬೇರೆ. ಕೊಯ್ಲು ಮುಗಿದ ಮೇಲೆ ಬಯಲುಸೀಮೆಯ ಕುರುಬರು ಬಂದು ಗೊಬ್ಬರಕ್ಕಾಗಿ ಗದ್ದೆಗಳಲ್ಲಿ ರಾತ್ರಿಯೆಲ್ಲ ಕುರಿ ತರುಬಿ ನಿಲ್ಲಿಸುತ್ತಿದ್ದರು. ಆ ವರ್ಷ ಬಂದವನೊಬ್ಬನ ಮಂದೆಯಲ್ಲಿ ಒಂದು ಕುರಿ ಬೆಳಗಾಗುವಷ್ಟರಲ್ಲಿ ಸತ್ತುಬಿದ್ದಿತ್ತು. ಉದುರಿದ ಭತ್ತ ಮುಕ್ಕಿ ಹೊಟ್ಟೆ ಉಬ್ಬರಿಸಿದೆ ಎಂದುಬಿಟ್ಟೆ. ಹತ್ತಿರ ಹೋಗಿ ನೋಡಲೂ ಇಲ್ಲ.

“ಸುಲೀಲಾ ಸ್ವಾಮಿ? ಕುರಿ ನಂದಲ್ಲ. ಚರ್ಮ, ಕಿವಿ ತೋರಿಸ್ದಿದ್ರೆ ಮಾರ್ಕೊಂಡೆ ಅಂತಾರೆ ಧಣಿ,” ಎಂದ ಕುರುಬ. ಕಿವಿಯಲ್ಲಿ ಧಣಿಯ ಗುರುತಿನ ಕಚ್ಚು ಇರುತ್ತಿತ್ತು.

“ಸುಲಿ ಮಾರಾಯ, ಅದಕ್ಕೇನು,” ಎಂದು ಸೈಕಲ್ ಹತ್ತಿದೆ.

ನಾಲ್ಕನೆಯ ದಿನ ಇನ್ನೆರಡು ಸತ್ತವು. ಮೂಗಿನಿಂದ ಕಪ್ಪು ರಕ್ತ ಸೋರುತ್ತಿತ್ತು, ಹೆಪ್ಪುಗಟ್ಟಿರಲಿಲ್ಲ. ಯಾರೂ ಮುಟ್ಟಬೇಡಿ ಎಂದು ಕೂಗಿ, ಒಂದರ ಕಿವಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಪಟ್ಟಿಗೆ ಸವರಿಕೊಂಡು ಸಾಗರದ ಬಸ್ಸು ಹತ್ತಿದೆ. ಸೂಕ್ಷ್ಮದರ್ಶಕ ಇದ್ದದ್ದು ಅಲ್ಲಿಯೇ. ದಾರಿಯ ಬಟ್ಟೆಮಲ್ಲಪ್ಪದಲ್ಲಿ ಡ್ರೈವರ್ ಕಾಫಿಗೆ ಇಳಿದ. ಒಳಗೊಳಗೇ ಅವನಿಗೆ ಹಿಡಿಶಾಪ ಹಾಕಿದೆ. ನನ್ನ ಅನುಮಾನ ಸುಳ್ಳಾಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಸಾಗರದಲ್ಲಿ, ಕಿಟಕಿಯ ಬಿಸಿಲಿಗೆ ಸೂಕ್ಷ್ಮದರ್ಶಕದ ಕನ್ನಡಿ ತಿರುಗಿಸಿ, ನೀಲಿ ಬಣ್ಣ ಹಾಕಿದ ಪಟ್ಟಿಯನ್ನು ನೋಡಿದೆ. ಗೆಣ್ಣುಗೆಣ್ಣಾದ ಬಿದಿರಿನ ಹಾಗೆ ಸಾಲುಗಟ್ಟಿದ ನೀಲಿ ಕಡ್ಡಿಗಳು, ಸುತ್ತ ನಸುಗೆಂಪು ಮಬ್ಬು. ಆಂಥ್ರಾಕ್ಸ್. ರೈತರು ನೆರಡಿ ಅನ್ನುತ್ತಾರೆ. ಅದು ಮನುಷ್ಯರನ್ನೂ ಬಿಡುವುದಿಲ್ಲ. ಸುಲಿಯುವವರನ್ನಂತೂ ಮೊದಲು ಹಿಡಿಯುತ್ತದೆ.

ಮಧ್ಯಾಹ್ನದ ಬಸ್ಸಿಗೇ ವಾಪಸು ಓಡಿದೆ. ಕುರುಬ ಮಂದೆಯ ಪಕ್ಕ ಆರಾಮಾಗಿ ಕೂತಿದ್ದ. ಕೈ ತೋರಿಸು ಎಂದೆ. ಮೊಣಕೈ ಕೆಳಗೆ ಒಂದು ಹುಣ್ಣು, ನಡುವೆ ಕಪ್ಪು ಹೆಕ್ಕಳ.

“ಏನೋ ಹುಳ ಕಚ್ಚಿದೆ. ನೋವೇ ಇಲ್ಲ ಸ್ವಾಮಿ.”

ನೋಯದ ಹುಣ್ಣೇ ಆ ರೋಗದ ಗುರುತು.

ಅವನನ್ನು ಸಾಗರದ ಆಸ್ಪತ್ರೆಗೆ ಸೇರಿಸಿದೆ. ಪೆನಿಸಿಲಿನ್ ಹಾಕಿದರು. ದಿನಾ ಹೋಗಿ ಜ್ವರ ಎಷ್ಟಿದೆ ಎಂದು ಕೇಳುತ್ತಿದ್ದೆ. ಅವನು ದಿನಾ ಕೈಮುಗಿಯುತ್ತಿದ್ದ, ನನಗೆ ಅನ್ನ ಸೇರುತ್ತಿರಲಿಲ್ಲ. ಅಷ್ಟರಲ್ಲಿ ಸತ್ತ ಕುರಿಗಳನ್ನು ಸುಣ್ಣ ಸುರಿದು ಆಳಕ್ಕೆ ಹೂಳಿಸಿದ್ದೆ. ಸುಲಿದ ಚರ್ಮವನ್ನೂ ಕಿವಿಗಳನ್ನೂ ಸುಡಿಸಿದ್ದೆ.

ಅವನು ಬದುಕಿದ. ಹೊರಡುವ ದಿನ, ಕುರಿಗಳು ರೋಗದಿಂದ ಸತ್ತವು, ಚರ್ಮ ನಾನೇ ಸುಡಿಸಿದೆ ಎಂದು ಧಣಿಗೆ ತೋರಿಸಲು ಒಂದು ಕಾಗದ ಬರೆದು ಮೊಹರು ಒತ್ತಿ ಕೊಟ್ಟೆ. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಅವ್ರಿಗೆ ಓದಾಕೆ ಬರಲ್ಲ. ಇದನ್ನೇ ತೋರಿಸ್ತೀನಿ ಬಿಡಿ,” ಎಂದು ತೋಳು ಮೇಲೇರಿಸಿ ಕಲೆ ತೋರಿಸಿ ನಕ್ಕ.

ಸುಲಿ ಎಂದವನು ನಾನೇ ಎಂದು ಅವನು ಧಣಿಗೆ ಹೇಳಿದನೋ ಇಲ್ಲವೋ. ನನ್ನೆದುರು ಮಾತ್ರ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ.