ಕುಸ್ವಾರ್ ಇಲ್ಲದ ಡಿಸೆಂಬರ್

ನಮ್ಮ ಮನೆಯಲ್ಲಿ ದೆಹಲಿಗೆ ಹೋಗುವ ಮಾತು ವರ್ಷಕ್ಕೊಮ್ಮೆ ಬರುತ್ತಿತ್ತು. ಅದೂ ಡಿಸೆಂಬರಿನಲ್ಲಿ, ಎಲ್ಲರ ಕೈ ಮೊಣಕೈವರೆಗೆ ಮೈದಾ ಹಿಟ್ಟಾಗಿರುವಾಗ. ಕ್ರಿಸ್ಮಸ್ಸಿಗೆ ನಾವು ಕೊಂಕಣಿ ಕ್ರೈಸ್ತರು ಕುಸ್ವಾರ್ ಮಾಡುತ್ತೇವೆ. ಅಂದರೆ ಹಬ್ಬದ ತಿಂಡಿ, ಒಂದೆರಡು ಬಗೆ ಅಲ್ಲ, ಎಂಟು ಹತ್ತು ಬಗೆ. ನನ್ನ ಅತ್ತೆ ಹೊಸ ಬಾಚಣಿಗೆಯೊಂದನ್ನು ಅದಕ್ಕೆಂದೇ ಇಟ್ಟುಕೊಂಡು, ಅದರ ಹಲ್ಲುಗಳ ಮೇಲೆ ಹಿಟ್ಟಿನ ಚೂರನ್ನು ಒತ್ತಿ ಸುರುಳಿ ಮಾಡಿ, ಕಿಡಿಯೊ ಎಂಬ ತಿಂಡಿಗೆ ರಾಶಿ ಹಾಕುತ್ತಾ, "ಒಂದು ಸಲ ಚಳಿಗಾಲದಲ್ಲಿ ದೆಹಲಿ ನೋಡ್ಬೇಕು" ಎನ್ನುತ್ತಿದ್ದರು. "ನೋಡುವ ಮಾಂಯ್, ಮೊದಲು ಈ ಹಿಟ್ಟು ಮುಗಿಸುವ" ಎನ್ನುತ್ತಿದ್ದೆ ನಾನು. ಹಿಟ್ಟು ಮುಗಿಯುವಾಗ ಮಾತೂ ಮುಗಿದಿರುತ್ತಿತ್ತು.

ಮಾಂಯ್ ಎಂದರೆ ನಮ್ಮಲ್ಲಿ ಅತ್ತೆ; ಅವರು ನನ್ನನ್ನು ಪ್ರೀತಿಯಿಂದ ಕರೆಯುವುದು ಬಾಯೆ ಎಂದು. ನಾನು ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್, ಹಾಗಾಗಿ ಬರೆಯುವುದು ಕನ್ನಡದಲ್ಲಿ. ನಾವು ಮನೆಯಲ್ಲಿ ಆಡಿದ್ದೆಲ್ಲ ಕೊಂಕಣಿ. ಇಲ್ಲಿಗೆ ತರುವಾಗ ಎಲ್ಲಿಯಾದರೂ ಕೆಟ್ಟಿದ್ದರೆ ತಪ್ಪು ನನ್ನದು. ಮುಂದೆ ಹೇಳುವುದರಲ್ಲಿಯೂ ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಡಿಸೆಂಬರಿನಲ್ಲಿ ಮಂಗಳೂರಿನ ಕ್ರೈಸ್ತರ ಮನೆಯಿಂದ ಒಬ್ಬ ಹೆಂಗಸು ಊರು ಬಿಟ್ಟು ಹೋಗುವುದು ಆಗದ ಮಾತು. ಕುಸ್ವಾರ್ ಒಂದು ಕಡೆ. ಗಲ್ಫಿನಿಂದ ರಜೆಯಲ್ಲಿ ಬರುವ ನನ್ನ ಮೈದುನನ ಸಂಸಾರ ಇನ್ನೊಂದು ಕಡೆ. ಅವರೆಲ್ಲ ಬಂದಿರುವಾಗಲೇ ಆಗಬೇಕಾದ ಕಾರಣ ಊರಿನ ಮದುವೆಗಳೆಲ್ಲ ಕ್ರಿಸ್ಮಸ್ ಕಳೆದ ಎರಡು ವಾರಗಳಲ್ಲೇ. "ಮೇ ತಿಂಗಳಲ್ಲಿ ಹೋಗುವ ಮಾಂಯ್, ಶಾಲೆಗೂ ರಜೆ" ಎಂದು ಒಮ್ಮೆ ಹೇಳಿದ್ದೆ. "ಬೆವರು ಸುರಿಸ್ಲಿಕ್ಕೆ ಅಲ್ಲಿಯವರೆಗೆ ಯಾಕೆ, ಇಲ್ಲಿಯೇ ಉಂಟಲ್ಲ" ಎಂದರು. ಅವರಿಗೆ ಬೇಕಾದದ್ದು ದೆಹಲಿ ಮಾತ್ರ ಅಲ್ಲ, ದೆಹಲಿಯ ಚಳಿ. ನಮ್ಮ ಕುಲಶೇಖರದಲ್ಲಿ ಚಳಿ ಎಂದರೆ ಫ್ಯಾನನ್ನು ನಾಲ್ಕರಿಂದ ಮೂರಕ್ಕೆ ಇಳಿಸುವುದು.

ಇದಕ್ಕೊಂದು ಕಾರಣ ಇತ್ತು. ಅತ್ತೆ ನರ್ಸಿಂಗ್ ಕಲಿತು ಮುಗಿಸಿದಾಗ ಅವರಿಗೂ ಅವರ ಇಬ್ಬರು ಗೆಳತಿಯರಿಗೂ ದೆಹಲಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಗೆಳತಿಯರು ಹೋದರು. ಇವರನ್ನು ಇವರ ಅಪ್ಪ ಕಳಿಸಲಿಲ್ಲ. ಇಲ್ಲಿಯೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೇರಿದವರು ನಿವೃತ್ತಿಯಾಗುವವರೆಗೆ ಅಲ್ಲಿಯೇ ಇದ್ದರು. ಗೆಳತಿಯರು ರಜೆಯಲ್ಲಿ ಬಂದಾಗ ಹೇಳಿದ್ದನ್ನೆಲ್ಲ ಅತ್ತೆ ನಮಗೆ ಹೇಳುತ್ತಿದ್ದರು, ತಾನೇ ಕಂಡವರಂತೆ. ಜನವರಿಯಲ್ಲಿ ನಲ್ಲಿ ನೀರು ಬಾಯಿಗೆ ಹಾಕಿದರೆ ಹಲ್ಲು ನೋಯುತ್ತದಂತೆ. ಮಾತಾಡಿದರೆ ಬಾಯಿಂದ ಹೊಗೆ ಬರುತ್ತದಂತೆ. ಬೆಳಗ್ಗೆ ಎದುರಿನ ಮನೆ ಕಾಣುವುದಿಲ್ಲವಂತೆ. "ನಾನೂ ಅಲ್ಲಿಯೇ ಇರ್ಬೇಕಾದವಳು" ಎಂದು ಕೊನೆಗೆ ಒಂದು ಸೇರಿಸುತ್ತಿದ್ದರು. ಆಗ ಮಾವ ಪೇಪರಿನ ಹಿಂದಿನಿಂದ, "ಹೋಗಿದ್ದರೆ ನಾನು ಬದುಕ್ತಿದ್ದೆ" ಎನ್ನುತ್ತಿದ್ದರು. ಅವರಿಬ್ಬರ ಮಾತುಕತೆ ಇದ್ದದ್ದೇ ಹಾಗೆ.

ಮಾವ ಎರಡು ವರ್ಷ ಹಾಸಿಗೆ ಹಿಡಿದರು. ಹೋಮ್ ನರ್ಸ್ ಇಡುವ ಎಂದು ನಾವು ಹೇಳಿದ್ದಕ್ಕೆ ಅತ್ತೆ, "ಮತ್ತೆ ನಾನು ಎಂತ?" ಎಂದರು. ಸ್ನಾನ, ಮಾತ್ರೆ, ಮಗ್ಗುಲು ಬದಲಿಸುವುದು, ಎಲ್ಲ ಅವರೇ. ಮೈಯಲ್ಲಿ ಒಂದು ಹುಣ್ಣು ಆಗಲು ಬಿಡಲಿಲ್ಲ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿರುವಾಗಲೇ ಮಾವ ಹೋದರು. ಅತ್ತೆ ಚಮಚ ಕೆಳಗಿಟ್ಟು ಅವರ ಬಾಯಿ ಒರೆಸಿ, ಆಮೇಲೆ ನಮ್ಮನ್ನು ಕರೆದರು. ಅವರು ಅತ್ತದ್ದನ್ನು ನಾನು ಕಂಡದ್ದು ಚರ್ಚಿನಲ್ಲಿ ತಿಂಗಳ ಪೂಜೆ ಮುಗಿದು ನೆಂಟರೆಲ್ಲ ಹೋದ ಮೇಲೆ.

ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವ ಕ್ರಮ ಇಲ್ಲ. ನಕ್ಷತ್ರ ತೂಗಿಸುವುದಿಲ್ಲ, ಮದುವೆಗಳಿಗೂ ಹೆಚ್ಚಾಗಿ ಹೋಗುವುದಿಲ್ಲ. ಅಕ್ಕಪಕ್ಕದವರು ತಮ್ಮ ತಿಂಡಿಯ ಒಂದೊಂದು ತಟ್ಟೆ ತಂದು ಕೊಡುತ್ತಾರೆ, ಅಷ್ಟೆ. ವರ್ಷದ ಪೂಜೆ ಆದ ಮೇಲೆ ಎಲ್ಲ ಮೊದಲಿನ ಹಾಗೆ. ಗಲ್ಫಿನ ಮೈದುನನೂ ಅಂತ್ಯಕ್ರಿಯೆಗೆ ಬಂದು ಹೋದ ಕಾರಣ ಡಿಸೆಂಬರಿನಲ್ಲಿ ಬರುವುದಿಲ್ಲ ಎಂದಿದ್ದ.

ನವೆಂಬರಿನ ಒಂದು ಆದಿತ್ಯವಾರ ನಾನು ಮೀನು ಕ್ಲೀನ್ ಮಾಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಈ ಡಿಸೆಂಬರಲ್ಲಿ ನನಗೆ ಎಂತ ಕೆಲಸ ಉಂಟು?" ಎಂದು ಕೇಳಿದರು. ಪಾಪ, ಬೇಸರದಲ್ಲಿ ಹೇಳುತ್ತಿದ್ದಾರೆ ಎಂದುಕೊಂಡೆ. ಅಲ್ಲ. "ನಿನಗೂ ಕ್ರಿಸ್ಮಸ್ ರಜೆ ಉಂಟಲ್ಲ ಬಾಯೆ. ಹೋಗಿ ಬರುವನಾ?" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದು ಯಾಕೆ, ನಾನೂ ದೆಹಲಿ ನೋಡಿದವಳಲ್ಲ. ಆ ಸಂಜೆಯೇ ಒಂದು ಹೊಸ ನೋಟ್‌ಪುಸ್ತಕ ತೆಗೆದು, ಗೆರೆ ಎಳೆದು, ಶಾಲೆಯ ಟೈಮ್‌ಟೇಬಲ್ ಮಾಡುವ ಹಾಗೆ ಮಾಡಿದೆ. ಮೊದಲ ಪೀರಿಯಡ್ ಕೆಂಪು ಕೋಟೆ. ಊಟದ ನಂತರ ಇಂಡಿಯಾ ಗೇಟ್. ಮರುದಿನ ಕುತುಬ್ ಮಿನಾರ್. ನನ್ನ ಗಂಡ ನೋಡಿ, "ಮೂತ್ರಕ್ಕೆ ಬೆಲ್ ಯಾವಾಗ ಹೊಡೀತದೆ?" ಎಂದು ಕೇಳಿದರು. ಅವರಿಗೆ ಆಫೀಸಿನಲ್ಲಿ ರಜೆ ಇರಲಿಲ್ಲ. ನಾವಿಬ್ಬರೇ ಎಂದು ತೀರ್ಮಾನವಾಯಿತು. ಹೋಗುವಾಗ ರೈಲು, ಬರುವಾಗ ವಿಮಾನ.

ಹತ್ತು ಹನ್ನೆರಡು ದಿನ ಸಂಜೆಯಾದರೆ ನಮಗೆ ಅದೇ ಕೆಲಸ. ನಾನು ಶಾಲೆಯಿಂದ ಬರುವಾಗ ಅತ್ತೆ ಚಾ ಮಾಡಿ, ಕನ್ನಡಕ ಹಾಕಿಕೊಂಡು, ನೋಟ್‌ಪುಸ್ತಕ ಎದುರಿಗಿಟ್ಟು ಕಾಯುತ್ತಿದ್ದರು. ಆಗ್ರಾಕ್ಕೂ ಹೋಗಬಹುದು, ತಾಜ್ ಮಹಲ್ ಹತ್ತಿರವೇ ಎಂದೆ. "ಅದು ಬೇಡ ಮಾರಾಯ್ತಿ. ನಮ್ಮವರು ನನಗೊಂದು ಬಚ್ಚಲು ಕಟ್ಟಿಸಿಕೊಡ್ಲಿಕ್ಕೆ ಹನ್ನೆರಡು ವರ್ಷ ತೆಗೆದರು. ಅದನ್ನು ನೋಡಿ ಸುಮ್ಮನೆ ಹೊಟ್ಟೆಕಿಚ್ಚು ಯಾಕೆ?" ಎಂದರು. ನಕ್ಕೆವು. ಮಾವ ಹೋದ ಮೇಲೆ ಆ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು, ಕೊನೆಯ ದಿನದ ಖಾಲಿ ಚೌಕದಲ್ಲಿ ತನಗೆ ಕೆಲಸ ಸಿಕ್ಕಿದ್ದ ಆ ಆಸ್ಪತ್ರೆಯ ಹೆಸರನ್ನು ಬರೆದರು. "ಒಳಗೆ ಹೋಗ್ಲಿಕ್ಕೆ ಇಲ್ಲ. ಗೇಟಿನ ಹತ್ತಿರ ಐದು ನಿಮಿಷ ನಿಂತು ಬರುವ" ಎಂದರು. ಎಲ್ಲ ಊರು ಸುತ್ತುವುದು ಆ ಐದು ನಿಮಿಷಕ್ಕಾಗಿ ಎಂದು ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗಿಯೂ ಮುಂದಿನದ್ದು ಮಾಡಿದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹಂಪನಕಟ್ಟೆಗೆ ಹೋಗಿ ಸ್ವೆಟರ್ ಹುಡುಕಿದೆ. ನಮ್ಮ ಊರಿನಲ್ಲಿ ಸ್ವೆಟರ್ ಕೇಳಿದರೆ ಅಂಗಡಿಯವರು ಮೊದಲು ಮಗುವಿಗಾ ಎಂದು ಕೇಳುತ್ತಾರೆ. ಅತ್ತೆಯ ಅಳತೆಗೆ ಒಂದು ನೀಲಿ ಬಣ್ಣದ್ದು ಸಿಕ್ಕಿತು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿರುವಾಗ ನಮ್ಮ ಚರ್ಚಿನ ವಾರ್ಡಿನ ಒಬ್ಬ ಬಾಯಿ (ಹಿರಿಯ ಹೆಂಗಸರನ್ನು ನಾವು ಕರೆಯುವುದು ಹಾಗೆ) ಒಳಗೆ ಬಂದರು. ಚರ್ಚಿನಲ್ಲಿ ಯಾರು ಯಾವ ಸೀರೆ ಎಷ್ಟು ಸಲ ಉಟ್ಟರು ಎಂಬ ಲೆಕ್ಕವೂ ಅವರ ಹತ್ತಿರ ಇರುತ್ತದೆ ಎಂದು ನಾವು ಹೇಳುತ್ತಿದ್ದ ಹೆಂಗಸು. "ಎಲ್ಲಿಗೆ ಟೀಚರ್?" ಎಂದರು. ಅತ್ತೆಯನ್ನು ಕರೆದುಕೊಂಡು ದೆಹಲಿಗೆ ಎಂದೆ. ಅವರು ಸ್ವೆಟರನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಏನೂ ಹೇಳದೆ ಓಡಿದರು.

ಇಷ್ಟೇ ನಡೆದದ್ದು. ಉಳಿದದ್ದನ್ನೆಲ್ಲ ಕುಲಶೇಖರಕ್ಕೆ ಬರುವ ಬಸ್ಸಿನಲ್ಲಿ ಕುಳಿತು ನಾನೇ ಸೇರಿಸಿಕೊಂಡೆ. ನಾಳೆ ಪೂಜೆ ಬಿಟ್ಟ ಮೇಲೆ ಚರ್ಚಿನ ಅಂಗಳದಲ್ಲಿ ಏನು ಮಾತಾಗಬಹುದು, ಯಾರು ಯಾರಿಗೆ ಹೇಳಬಹುದು, ಗಂಡ ಸತ್ತು ನಾಲ್ಕು ತಿಂಗಳಿಲ್ಲ, ಅತ್ತೆ ಸೊಸೆ ಟೂರ್ ಹೊರಟರು. ಪ್ರವಾಸ ಹೋಗಬಾರದು ಎಂದು ಯಾವ ಪಾದ್ರಿಯೂ ಹೇಳಿಲ್ಲ, ಎಲ್ಲಿಯೂ ಬರೆದಿಲ್ಲ. ಆದರೂ ಕ್ಲಾಸಿನಲ್ಲಿ ನಲವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುವವಳು ಒಬ್ಬ ಹೆಂಗಸಿನ ಒಂದು ನೋಟಕ್ಕೆ ಹೆದರಿದೆ. ಸ್ವೆಟರನ್ನು ಕೊಂಡುಕೊಳ್ಳದೆ ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಹೆದರಿಕೆಯಾಯಿತು ಎಂದು ಮನೆಗೆ ಬಂದು ಹೇಳಿದ್ದರೆ ಅತ್ತೆ ನಕ್ಕು ಬಿಡುತ್ತಿದ್ದರು. ನಾನು ಹಾಗೆ ಹೇಳಲಿಲ್ಲ. ಬ್ಯಾಗ್ ಇಟ್ಟು, ಕೈ ತೊಳೆದು, ಬಹಳ ಯೋಚನೆ ಮಾಡಿದವಳ ಹಾಗೆ ಎದುರಿಗೆ ಕುಳಿತು, "ಮಾಂಯ್, ವರ್ಷದ ಪೂಜೆ ಆಗ್ಲಿ. ಈಗ ಹೋದರೆ ಜನ ಮಾತಾಡ್ತಾರೆ. ನನಗಲ್ಲ, ನಿಮಗೆ" ಎಂದೆ.

"ಹೌದಾ? ನನಗೆ ಅದು ತಲೆಗೆ ಹೋಗ್ಲಿಲ್ಲ ನೋಡು" ಎಂದರು ಅತ್ತೆ. ಆಮೇಲೆ ಕನ್ನಡಕ ತೆಗೆದು, ನೋಟ್‌ಪುಸ್ತಕವನ್ನು ನನ್ನ ಕಡೆಗೆ ದೂಡಿ, ಮಾವನ ಫೋಟೊ ಇದ್ದ ಕೋಣೆಗೆ ಹೋದರು. ಅವರ ಮುಖದಲ್ಲಿ ಇದ್ದದ್ದು ಬೇಸರ ಅಲ್ಲ, ನಾಚಿಕೆ. ಎರಡು ವರ್ಷ ಗಂಡನ ಮೈ ಒರೆಸಿದವರಿಗೆ, ಗಂಡ ಸತ್ತದ್ದಕ್ಕೆ ದುಃಖ ಸಾಲದು ಎಂದು ಹೇಳಿದ ಹಾಗಾಯಿತು ನಾನು ಹೇಳಿದ್ದು. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಎದ್ದು ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಅನ್ನಕ್ಕೆ ನೀರಿಟ್ಟೆ.

ಡಿಸೆಂಬರ್ ಬಂತು. ಶಾಲೆಗೆ ಹತ್ತು ದಿನ ರಜೆ. ಮಾಡಲು ಕೆಲಸ ಇಲ್ಲ, ಬರುವವರು ಇಲ್ಲ. ಅತ್ತೆ ಬೆಳಗಿನ ಪೂಜೆಗೆ ಹೋಗಿ ಬಂದು ಚಾವಡಿಯಲ್ಲಿ ಕುಳಿತರೆ ಊಟಕ್ಕೆ ಏಳುತ್ತಿದ್ದರು. ಅದುವರೆಗೆ ಬೆಳಗಿನ ಪೂಜೆಗೆ ದಿನಾ ಹೋಗುವ ಅಭ್ಯಾಸ ಅವರಿಗೆ ಇರಲಿಲ್ಲ. ಅಕ್ಕಪಕ್ಕದವರ ತಿಂಡಿಯ ತಟ್ಟೆಗಳು ಬಂದು ಮೇಜು ತುಂಬಿತು. ಪ್ರತಿ ತಟ್ಟೆಯಿಂದಲೂ ಒಂದು ಚೂರು ಬಾಯಿಗೆ ಹಾಕಿ, "ಎಣ್ಣೆ ಜಾಸ್ತಿ ಆಗಿದೆ", "ಸಕ್ಕರೆ ಪಾಕ ಹಿಡಿಯಲಿಲ್ಲ" ಎಂದು ಹೇಳುತ್ತಿದ್ದ ಅತ್ತೆ ಆ ವರ್ಷ ತಟ್ಟೆಗಳ ಮೇಲಿನ ಬಟ್ಟೆಯನ್ನೂ ತೆಗೆಯಲಿಲ್ಲ. ನಾವಿಬ್ಬರೂ ಎದುರುಬದುರು ಕುಳಿತು ಟಿವಿ ನೋಡಿದೆವು. ದೆಹಲಿಯಲ್ಲಿ ಮಂಜು ಕವಿದು ರೈಲುಗಳು ತಡ ಎಂದು ಸುದ್ದಿ ಬಂದಾಗ ನಾನು ಚಾನೆಲ್ ಬದಲಿಸಿದೆ.

ಮುಂದಿನ ಆಗಸ್ಟಿನಲ್ಲಿ ವರ್ಷದ ಪೂಜೆಯಾಯಿತು. ಪೂಜೆ ಮುಗಿದು ಊಟಕ್ಕೆ ಬಡಿಸುತ್ತಿರುವಾಗ ಆ ವಾರ್ಡಿನ ಬಾಯಿ ನನ್ನನ್ನು ಹತ್ತಿರ ಕರೆದರು. "ಟೀಚರ್, ಆವತ್ತು ನೀವು ದೆಹಲಿಗೆ ಹೋಗ್ಲೇ ಇಲ್ವಾ? ನಾನು ಮನೆಗೆ ಹೋದವಳೇ ಟ್ರಂಕಿನಿಂದ ನನ್ನ ದಪ್ಪ ಕೋಟು ತೆಗೆದು ಬಿಸಿಲಿಗೆ ಹಾಕಿದ್ದೆ, ನಿಮ್ಮ ಅತ್ತೆಗೆ ಕೊಡುವ ಅಂತ. ಈ ಅಂಗಡಿ ಸ್ವೆಟರೆಲ್ಲ ಅಲ್ಲಿಗೆ ಸಾಲುವುದಿಲ್ಲ. ಪಾಪ, ಎರಡು ವರ್ಷ ಮನೆ ಬಿಟ್ಟು ಹೊರಗೆ ಕಾಲಿಟ್ಟವರಲ್ಲ, ಇನ್ನಾದರೂ ಹೋಗ್ತಾರಲ್ಲ ಅಂತ ನನಗೆ ಖುಷಿಯಾಗಿತ್ತು" ಎಂದರು. ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಮುಂದಿನ ಪಂಕ್ತಿಗೆ ಹೋದೆ.

ಅದರ ನಂತರ ನನಗೆ ಒಂದೇ ಹಠ. ಯಾರನ್ನೂ ಕೇಳದೆ ಜನವರಿಗೆ ಇಬ್ಬರ ಟಿಕೆಟ್ ಮಾಡಿಸಿದೆ, ಶಾಲೆಯಲ್ಲಿ ರಜೆ ಬರೆದು ಕೊಟ್ಟೆ, ಕೋಣೆ ಬುಕ್ ಮಾಡಿದೆ. ಆ ಆಸ್ಪತ್ರೆಯ ಎದುರಿನ ರಸ್ತೆಯಲ್ಲೇ ಕೋಣೆ. ಡಿಸೆಂಬರ್ ಮೊದಲ ವಾರ, ಅತ್ತೆ ಮತ್ತೆ ಹಿಟ್ಟು ಕಲಸಿ ಕುಳಿತಿದ್ದಾಗ ಫೋನಿನಲ್ಲಿ ಟಿಕೆಟ್ ತೋರಿಸಿದೆ. ಅವರು ಕೈ ಒರೆಸಿಕೊಂಡು, ಫೋನನ್ನು ದೂರ ಹಿಡಿದು, ಪೂರ್ತಿ ಓದಿದರು.

"ಬೇಡ ಬಾಯೆ. ನೀನೂ ಗಂಡನೂ ಹೋಗಿ ಬನ್ನಿ" ಎಂದರು.

ಮಂಡಿ ನೋವಾ ಎಂದೆ. ಅಲ್ಲ. ಕುಸ್ವಾರ್ ಆಗ ಮುಗಿದಿರುತ್ತದೆ, ಮೈದುನನವರೂ ಹೊರಟಿರುತ್ತಾರೆ ಎಂದೆ. ಹೌದು ಎಂದರು. ಹಾಗಾದರೆ ಎಂತ ತೊಂದರೆ ಎಂದು ನನ್ನ ಸ್ವರ ಏರಿತು. ಅವರು ಹಿಟ್ಟು ನಾದಿದರು. ಆಗ ನನಗೆ ತಡೆಯಲಿಕ್ಕೆ ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅಂಗಡಿಯಲ್ಲಿ ಆದದ್ದು, ಬಸ್ಸಿನಲ್ಲಿ ಯೋಚಿಸಿದ್ದು, ಯಾರೂ ಒಂದು ಮಾತೂ ಆಡದೆ ನಾನೇ ಹೆದರಿದ್ದು, ಹೆದರಿಕೆಯನ್ನು ಅವರ ತಲೆಗೆ ಕಟ್ಟಿದ್ದು. ಹೇಳುತ್ತಾ ನನಗೆ ಅಳುವೂ ಬಂತು.

ಅತ್ತೆ ಕೇಳಿಸಿಕೊಂಡರು. ಸಿಟ್ಟು ಬಂದಂತೆ ಕಾಣಲಿಲ್ಲ.

"ನನಗೆ ಆವತ್ತೇ ಗೊತ್ತಾಗಿತ್ತು. ನೀನು ಸ್ವೆಟರ್ ತರ್ಲಿಕ್ಕೆ ಹೋಗಿ ಬರಿಗೈಯಲ್ಲಿ ಬಂದಿದ್ದಿ" ಎಂದರು. "ಆದರೆ ನೀನು ಹೇಳಿದ ಮೇಲೆ ನಾನೂ ಯೋಚನೆ ಮಾಡಿದೆ. ಅವರು ಹೋಗಿ ನಾಲ್ಕು ತಿಂಗಳಾಗ್ಲಿಲ್ಲ, ನನಗೆ ತಿರುಗಾಡ್ಲಿಕ್ಕೆ ಮನಸ್ಸು ಹೇಗೆ ಬಂತು ಅಂತ. ಅದು ಒಮ್ಮೆ ತಲೆಗೆ ಹೊಕ್ಕಿತಲ್ಲ, ಈಗ ಎಷ್ಟು ಹುಡುಕಿದರೂ ಆ ಆಸೆ ಇಲ್ಲ. ಇದ್ದರೆ ಬರ್ತಿದ್ದೆ. ಈಗ ಬಂದರೆ ನಿನ್ನ ಸಮಾಧಾನಕ್ಕೆ ಬಂದ ಹಾಗೆ ಆಗ್ತದೆ."

ಅಲ್ಲ ಮಾಂಯ್, ನಿಮಗಾಗಿಯೇ ಮಾಡಿಸಿದ್ದು ಎಂದು ಹೇಳಲು ಬಾಯಿ ತೆರೆದೆ. ಆಗಸ್ಟಿನಿಂದ ನಾನು ಟಿಕೆಟ್ಟಿಗೆ, ರಜೆಗೆ, ಕೋಣೆಗೆ ಓಡಾಡಿದ್ದೆಲ್ಲ ನೆನಪಾಯಿತು. ಅಷ್ಟು ದಿನಗಳಲ್ಲಿ ಒಮ್ಮೆಯೂ ನಾನು ಅವರನ್ನು, ನಿಮಗೆ ಹೋಗಬೇಕಾ ಎಂದು ಕೇಳಿರಲಿಲ್ಲ.