ಅಮೇರಿಕದವರ ಮನೆಯ ಹಿಶಾಮ

ಹಿಶಾಮನ ವಿಸಿಟಿಂಗ್ ಕಾರ್ಡಿನಲ್ಲಿ ‘ಸೇಲ್ಸ್ ಕೋಆರ್ಡಿನೇಟರ್’ ಎಂದಿದೆ. ಊರಿನಲ್ಲಿ ಅವನು ಅದನ್ನು ‘ಮಾರ್ಕೆಟಿಂಗ್’ ಎಂದು ಹೇಳಿಕೊಂಡಿದ್ದಾನೆ, ಮದುವೆ ಬ್ರೋಕರನಿಗೆ ‘ಮ್ಯಾನೇಜ್‌ಮೆಂಟ್’ ಎಂದು. ನಿಜವಾದ ಕೆಲಸವೆಂದರೆ ದುಬೈಯ ಒಂದು ಟೈಲ್ಸ್ ಕಂಪೆನಿಯಲ್ಲಿ ಕೂತು, ಸೈಟಿನಿಂದ ಕಿರುಚುವ ಎಂಜಿನಿಯರುಗಳಿಗೆ ಫೋನಿನಲ್ಲಿ ‘ಯೆಸ್ ಸರ್, ಟುಮಾರೋ ಸರ್, ಇನ್‌ಶಾ ಅಲ್ಲಾಹ್ ಸರ್’ ಎನ್ನುವುದು. ಟೈಲ್ಸ್ ಎಲ್ಲಿದೆಯೆಂದು ಅವನಿಗೂ ಗೊತ್ತಿರುವುದಿಲ್ಲ, ಕಂಪೆನಿಗೂ ಗೊತ್ತಿರುವುದಿಲ್ಲ. ಆದರೆ ‘ಇಲ್ಲ’ ಎಂಬ ಶಬ್ದವನ್ನು ಬಾಯಿಂದ ಹೊರಡಿಸದೆ ಐದು ವರ್ಷ ಸಂಬಳ ತೆಗೆದುಕೊಂಡವನು ಅವನು. ಈ ವಿದ್ಯೆಗೆ ಸಿಕ್ಕಿದ್ದು ದುಬೈಯ ನೈಫ್ ಬಡಾವಣೆಯಲ್ಲಿ ಒಂದು ಬೆಡ್‌ಸ್ಪೇಸ್, ಅದರಲ್ಲೂ ಮೇಲಿನ ಮಂಚ. ಎದ್ದು ಕೂತರೆ ತಲೆ ಎಸಿಗೆ ತಾಗುತ್ತದೆ.

ಇಂಥವನಿಗೂ ಎದೆಯುಬ್ಬಿಸಲು ಒಂದು ಸಂಗತಿಯಿತ್ತು. ಉಪ್ಪಿನಂಗಡಿ ಕಡೆ ಅವನ ಮನೆಯವರನ್ನು ‘ಅಮೇರಿಕದವರು’ ಎಂದೇ ಕರೆಯುವುದು. ಅವನ ಅಜ್ಜಿ ಹಲೀಮಳ ತಂದೆ ಮುಹಿಯುದ್ದೀನ್, ಊರವರ ಬಾಯಲ್ಲಿ ಮೊಯ್ದೀನ್ ಬ್ಯಾರಿ, ಒಣಮೀನಿನ ವ್ಯಾಪಾರಿ, ಮಗಳು ಮದ್ರಸಕ್ಕೆ ಸೇರಿದ ವರ್ಷ ಅಮೇರಿಕಕ್ಕೆ ಹೋದವರು ತಿರುಗಿ ಬರಲಿಲ್ಲ. ಬೇರೆ ಮನೆಗಳ ಹಿರಿಯರು ಸಿಲೋನಿಗೆ ಹೋದರು, ಬೊಂಬಾಯಿಗೆ ಹೋದರು. ಅಮೇರಿಕಕ್ಕೆ ಹೋದದ್ದು ಇವರ ಮನೆಯವರೊಬ್ಬರೇ. ಹಿಶಾಮ ಇದನ್ನು ಕೆಳಗಿನ ಮಂಚದವನಿಗೆ ಎಷ್ಟು ಸಲ ಹೇಳಿದ್ದಾನೆಂದರೆ, ಅವನು ಈಗ ಹಿಶಾಮನನ್ನು ‘ಗ್ರೀನ್ ಕಾರ್ಡ್’ ಎಂದು ಕರೆಯುತ್ತಾನೆ.

ಹಲೀಮ, ಮನೆಮಂದಿಗೆಲ್ಲ ಬಲ್ಯುಮ್ಮ, ಎಂಬತ್ತು ದಾಟಿದವಳು, ವಿಸಿಟ್ ವೀಸಾದಲ್ಲಿ ಅಬುಧಾಬಿಗೆ ಬಂದಿದ್ದಳು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಹಿಶಾಮನ ಅಕ್ಕ ಜಸೀಲಳ ಫ್ಲ್ಯಾಟು. ವಾರ ವಾರ ದುಬೈಯಿಂದ ಬಸ್ಸು ಹತ್ತಿ ಹಿಶಾಮ ಅಲ್ಲಿಗೆ ಹಾಜರಾಗುತ್ತಿದ್ದ. ಬಲ್ಯುಮ್ಮನ ಮೇಲಿನ ಪ್ರೀತಿ ಅಂತ ಹೇಳಿಕೊಳ್ಳುತ್ತಿದ್ದ, ಕೋರಿ ರೊಟ್ಟಿಗೂ ಅದರಲ್ಲಿ ದೊಡ್ಡ ಪಾಲಿತ್ತು.

ಮೊದಲ ಶನಿವಾರವೇ ಬಲ್ಯುಮ್ಮ ಅವನನ್ನು ಹತ್ತಿರ ಕೂರಿಸಿಕೊಂಡಳು.

“ನೀನು ಕಂಪ್ಯೂಟರಿನಲ್ಲಿ ಕೆಲಸ ಮಾಡುವವ ಅಲ್ವಾ?”

“ಹೌದು ಬಲ್ಯುಮ್ಮ,” ಎಂದ, ಅಭ್ಯಾಸಬಲದಿಂದ.

“ನನ್ನ ಉಪ್ಪನನ್ನು ಹುಡುಕಿ ಕೊಡು. ಬದುಕಿರಲಿಕ್ಕಿಲ್ಲ, ಅದು ಗೊತ್ತುಂಟು. ಕಬರ್ ಎಲ್ಲಿ ಉಂಟು ಅಂತ ಬೇಕು. ಮತ್ತೊಂದು…” ಅವಳು ತಲೆಗೆ ಹೊದ್ದ ತಟ್ಟವನ್ನು ಸರಿಮಾಡಿಕೊಂಡಳು. “ಅವರಿಗೆ ಬರ್ಲಿಕ್ಕೆ ಆಗ್ಲಿಲ್ವಾ, ಅವರೇ ಬರ್ಲಿಲ್ವಾ? ಅದೊಂದು ಗೊತ್ತಾಗ್ಬೇಕು ನನಗೆ. ಶಾಲೆಯಲ್ಲಿ ಮಕ್ಕಳು ‘ನಿನ್ನ ಅಪ್ಪ ಬಿಟ್ಟು ಓಡಿದ್ದು’ ಅಂತ ಹೇಳ್ತಿದ್ರು. ಅಮೇರಿಕದಿಂದ ಬರುವುದು ನಿಮ್ಮ ಅಪ್ಪ ನೇತ್ರಾವತಿ ದಾಟಿದ ಹಾಗೆ ಅಲ್ಲ ಅಂತ ನಾನು ಜಗಳ ಮಾಡಿದ್ದೇನೆ. ಒಬ್ಬಳ ಜಡೆ ಸಹ ಕಿತ್ತಿದ್ದೇನೆ. ನಾನು ಜಗಳ ಮಾಡಿದ್ದು ಸರಿಯಾ ಅಂತ ನೋಡು.”

ಹಿಶಾಮ ನೋಡಿದ. ಆಫೀಸಿನಲ್ಲಿ ಅಮೆರಿಕನ್ ಮ್ಯಾನೇಜರ್ ಒಬ್ಬನಿದ್ದ. ತನ್ನ ಹಿರಿಯರು ನಾಲ್ಕು ಶತಮಾನದ ಹಿಂದೆ ಹಡಗಿನಲ್ಲಿ ಬಂದು ಅಮೇರಿಕದಲ್ಲಿ ನೆಲೆಸಿದ ಮೊದಲಿಗರೆಂದು ಚಹಾದ ಹೊತ್ತಿಗೆ ಹೇಳಿಕೊಳ್ಳುವವನು. ಅದನ್ನೆಲ್ಲ ಹುಡುಕಿದ್ದು ವಂಶಾವಳಿಯ ಒಂದು ವೆಬ್‌ಸೈಟಿನಲ್ಲಂತೆ. ಹಿಶಾಮ ಅದೇ ಸೈಟಿನ ಫ್ರೀ ಟ್ರಯಲ್ ತೆಗೆದುಕೊಂಡ. ‘ಮೊಯ್ದೀನ್’ ಎಂದು ಹುಡುಕಿದರೆ ಏನೂ ಬರಲಿಲ್ಲ. ಅಮೇರಿಕದ ಗುಮಾಸ್ತನ ಕಿವಿಗೆ ಆ ಹೆಸರು ಹೇಗೆ ಕೇಳಿಸಿರಬಹುದೆಂದು ಯೋಚಿಸಿದ. ಎರಡು ಸಲ ಜೋರಾಗಿ ಹೇಳಿಕೊಂಡ. ಮೊಯ್ ದೀನ್. ಮೊ ಡೀನ್.

ಮೊ ಡೀನ್ ಸಿಕ್ಕಿದ! ಸಾವಿರದ ಒಂಬೈನೂರ ಐವತ್ತರ ಜನಗಣತಿ, ಓಹಾಯೋ ರಾಜ್ಯ, ಟೊಲೀಡೊ ಪಟ್ಟಣ. ಉದ್ಯೋಗ: ಮೀನು ವ್ಯಾಪಾರ. ಹಿಶಾಮನ ಮೈ ಜುಮ್ಮೆಂದಿತು. ಘಟ್ಟವಲ್ಲ, ಸಮುದ್ರ ದಾಟಿದರೂ ಬ್ಯಾರಿ ಮೀನು ಬಿಡಲಿಲ್ಲ!

ಆಮೇಲೆ ಸೈಟು ಒಂದೊಂದೇ ಹೆಸರನ್ನು ಮುಂದಿಟ್ಟು ‘ಇವರು ನಿಮ್ಮ ಪೂರ್ವಜರೇ?’ ಎಂದು ಕೇಳತೊಡಗಿತು. ಇಲ್ಲಿ ಹಿಶಾಮನ ವೃತ್ತಿ ಅವನಿಗೆ ಕೈಕೊಟ್ಟಿತು. ಐದು ವರ್ಷ ‘ಯೆಸ್ ಸರ್’ ಎಂದವನ ಬೆರಳು ‘ನೋ’ ಗುಂಡಿಯ ಹತ್ತಿರ ಹೋಗಲೇ ಇಲ್ಲ. ಹ್ಯಾರಿ ಡೀನ್? ಯೆಸ್. ಜೋಸಾಯ ಡೀನ್? ಯೆಸ್. ಹೀಗೆ ಹೌದು ಹೌದು ಎನ್ನುತ್ತಾ ಅವನು ಹಿಂದಕ್ಕೆ ಹಿಂದಕ್ಕೆ ಜಾರಿ, ಇಂಗ್ಲೆಂಡಿನಿಂದ ಮರದ ಹಡಗು ಹತ್ತಿ ಬಂದು ಮ್ಯಾಸಚೂಸೆಟ್ಸಿನಲ್ಲಿ ಕಾಡು ಕಡಿದು ಮನೆ ಕಟ್ಟಿದ ಎಬೆನೀಜರ್ ಡೀನ್ ಎಂಬವನ ಕಾಲಬುಡಕ್ಕೆ ಬಂದು ಬಿದ್ದ. ಮರುದಿನ ಚಹಾದ ಹೊತ್ತಿಗೆ ಮ್ಯಾನೇಜರನ ಮುಂದೆ “ನಮ್ಮವರೂ ಬೇಗನೇ ಬಂದವರು” ಎಂದುಬಿಟ್ಟ. ಅವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವನು ಮೇಲೆತ್ತುವುದನ್ನೇ ಮರೆತ.

ಶನಿವಾರ ಅಬುಧಾಬಿಯಲ್ಲಿ ಸಭೆ ಸೇರಿತು. ಬಲ್ಯುಮ್ಮ, ಜಸೀಲ, ಮತ್ತು ಅದೇ ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಬಾಡಿಗೆಗಿರುವ ನರ್ಸ್ ಒಲಿಂಡಾ ಬಾಯಿ. ಹಿಶಾಮ ಲ್ಯಾಪ್‌ಟಾಪ್ ತೆರೆದು ಎಬೆನೀಜರನ ಚಿತ್ರ ತೋರಿಸಿದ. ಕಪ್ಪು ನಿಲುವಂಗಿ, ಎದೆಯವರೆಗೆ ಗಡ್ಡ, ಮೀಸೆ ನುಣ್ಣಗೆ ಬೋಳು.

ಬಲ್ಯುಮ್ಮ ಕನ್ನಡಕ ಏರಿಸಿ, ಮಸೀದಿಯ ಗುರುಗಳನ್ನು ನೋಡುವ ಗೌರವದಿಂದ ನೋಡಿದಳು. “ಯಾವ ಪಳ್ಳಿಯ ಮುಸ್ಲಿಯಾರ್ ಇವರು?”

“ಮುಸ್ಲಿಯಾರ್ ಅಲ್ಲ ಬಲ್ಯುಮ್ಮ, ನಮ್ಮ ಮುತ್ತಜ್ಜನ ಮುತ್ತಜ್ಜ. ಅಮೇರಿಕದ ಮೊದಲ ಜನ!”

“ಗಡ್ಡ ಸರಿ ಉಂಟು. ತಲೆಯಲ್ಲಿ ಎಂತದು, ಬಕೆಟ್ಟಾ?”

“ಟೊಪ್ಪಿ. ಆ ಕಾಲದ್ದು. ನಾನೂರು ವರ್ಷ ಹಿಂದಿನದ್ದು.”

ಬಲ್ಯುಮ್ಮ ಲೆಕ್ಕ ಹಾಕಿದಳು. ಅದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ. “ನನ್ನ ಉಪ್ಪ ಉಪ್ಪಿನಂಗಡಿಯಿಂದ ಹೋದದ್ದು ಮೊನ್ನೆ ಮೊನ್ನೆ, ಗಾಂಧಿ ತೀರಿಹೋದ ವರ್ಷ. ಇವರ ಅಜ್ಜ ನಾನೂರು ವರ್ಷದ ಹಿಂದೆಯೇ ಅಲ್ಲಿ ಕೂತದ್ದು ಹೇಗೆ ಮಾರಾಯ? ಮುಂಚೆ ಹೋಗಿ ಸೀಟು ಹಿಡಿದದ್ದಾ?”

ಜಸೀಲ ಸೋಫಾದ ದಿಂಬಿಗೆ ಮುಖ ಹುದುಗಿಸಿದಳು. ಒಲಿಂಡಾ ಬಾಯಿ “ಜೇಜೂ” ಎಂದು ನಗು ತಡೆದುಕೊಂಡರು. ಹಿಶಾಮ ಮಾತ್ರ ಪರದೆಯನ್ನೇ ನೋಡುತ್ತಿದ್ದ. ಒಣಮೀನಿನ ಬ್ಯಾರಿಗಳ ಮೂಲಪುರುಷನಾಗಿ ಒಂದು ವಾರ ಆಳಿದ ಎಬೆನೀಜರ್ ಸಾಹೇಬರು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು.

“ಬಿಡು, ಪಾಪ,” ಎಂದಳು ಬಲ್ಯುಮ್ಮ. ಆದರೆ ಅವಳ ನಗು ಅರ್ಧಕ್ಕೇ ನಿಂತಿತ್ತು. “ಸಿಗ್ಲಿಕ್ಕಿಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಉಮ್ಮ ಸಾಯುವವರೆಗೆ ಶಾಪ ಹಾಕ್ತಾ ಇದ್ದದ್ದು ನೆನಪುಂಟು. ಒಲೆ ಊದ್ತಾ ಊದ್ತಾ ಹೇಳುವುದು.” ಅವಳು ತನ್ನ ತಾಯಿಯ ದನಿಯನ್ನೇ ಗಂಟಲಿಗೆ ತಂದುಕೊಂಡಳು. “‘ಆ ಮರ್ಕರಕ್ಕೆ ಬೆಂಕಿ ಬೀಳ್ಲಿ, ಆ ಮರ್ಕರ ನನ್ನ ಮನೆ ಹಾಳು ಮಾಡಿತು.’ ಹಳೇ ಜನ, ಅಮೇರಿಕ ಅಂತ ಸರಿಯಾಗಿ ಹೇಳ್ಲಿಕ್ಕೆ ಬರ್ತಿರಲಿಲ್ಲ.”

ಒಲಿಂಡಾ ಬಾಯಿ ಚಹಾದ ಲೋಟ ಕೆಳಗಿಟ್ಟರು. “ಎಂತ ಹೇಳಿದ್ದು?”

“ಆ ಮರ್ಕರ.”

“ಮರ್ಕರ ಅಂದ್ರೆ ನಮ್ಮ ಮಡಿಕೇರಿ ಅಲ್ವಾ? ನನ್ನ ಅಜ್ಜ ಅಲ್ಲೇ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದದ್ದು. ಅವರ ಬಾಯಲ್ಲಿ ಮಡಿಕೇರಿ ಅಂತ ಒಂದು ದಿನ ಬಂದದ್ದಿಲ್ಲ, ಮರ್ಕರ, ಮರ್ಕರ. ಬ್ರಿಟಿಷರು ಇಟ್ಟ ಹೆಸರು.”

ಹಿಶಾಮ ಮನಸ್ಸಿನಲ್ಲೇ ಹೇಳಿ ನೋಡಿದ. ಆ ಮರ್ಕರ, ಆಮರ್ಕರ, ಅಮೆರ್ಕ. ಆರು ವರ್ಷದ ಹುಡುಗಿ, ಹೊಗೆ ತುಂಬಿದ ಅಡಿಗೆಮನೆ, ಬೈಗುಳದ ನಡುವೆ ಒಂದು ಊರಿನ ಹೆಸರು. ಶಾಲೆಗೆ ಹೋದರೆ ಗೋಡೆಯ ಮೇಲೆ ಭೂಪಟ. ಒಂದು ಮನೆತನ ಎಪ್ಪತ್ತೈದು ವರ್ಷ ಅಮೇರಿಕದಲ್ಲಿ ವಾಸವಾಗಲು ಇಷ್ಟೇ ಸಾಕಾಗಿತ್ತು.

“ಮಡಿಕೇರಿ ಎಷ್ಟು ದೂರ?” ಬಲ್ಯುಮ್ಮ ಕೇಳಿದಳು, ಹಿಶಾಮನ ಕಡೆ ತಿರುಗಿ.

ಹಿಶಾಮನಿಗೆ ಈ ಪ್ರಶ್ನೆಯ ಬೆಲೆ ಗೊತ್ತಾಯಿತು. “ದೂರ ಬಲ್ಯುಮ್ಮ. ಘಟ್ಟ ಹತ್ತಬೇಕು. ಆಗ ರಸ್ತೆ ಎಲ್ಲಿತ್ತು? ಆನೆ…”

“ಆನೆಯನ್ನು ಬಿಡು. ನೀನು ವಾರ ವಾರ ದುಬೈಯಿಂದ ಇಲ್ಲಿಗೆ ಬರ್ತೀಯಲ್ಲ, ಅದಕ್ಕಿಂತ ದೂರವಾ?”

ಐದು ವರ್ಷದಲ್ಲಿ ಮೊದಲ ಬಾರಿಗೆ ಆ ಶಬ್ದ ಅವನ ಬಾಯಿಂದ ಹೊರಟಿತು. “ಇಲ್ಲ.”

ಬಲ್ಯುಮ್ಮ ಎದ್ದು ಒಳಗೆ ಹೋದಳು. ಆ ಮಧ್ಯಾಹ್ನ ಕೋರಿ ರೊಟ್ಟಿಗೆ ಅವಳು ಕೈ ಹಾಕಲಿಲ್ಲ. ಹಿಶಾಮ ಹಾಕಿದ, ಸುಳ್ಳು ಹೇಳಬಾರದು, ಆದರೆ ಪ್ರತಿ ತುತ್ತಿಗೂ ನಾಚಿಕೆಪಟ್ಟ. ಹುಡುಕದೆ ಇದ್ದಿದ್ದರೆ ಅವಳ ಉಪ್ಪ ಬರಲಾಗದೆ ಉಳಿದವರಾಗಿಯೇ ಇರುತ್ತಿದ್ದರು. ಈಗ ಬೇಕಾದರೆ ಮಧ್ಯಾಹ್ನದ ಬಸ್ಸು ಹತ್ತಿ ರಾತ್ರಿಯೂಟಕ್ಕೆ ಮನೆ ಸೇರಬಹುದಾಗಿದ್ದವರಾದರು.

ಸಂಜೆ ಬಲ್ಯುಮ್ಮ ಹೊರಗೆ ಬಂದು ಒಲಿಂಡಾ ಬಾಯಿಗೆ ಹೇಳಿದಳು: “ನಿನ್ನ ತಮ್ಮ ಅಲ್ಲೇ ಇರುವುದಲ್ವಾ? ವಿಚಾರಿಸ್ಲಿಕ್ಕೆ ಹೇಳು. ಅರ್ಧ ತಿಳಿದು ನನಗೆ ನಿದ್ದೆ ಬರುವುದಿಲ್ಲ.”

ಒಲಿಂಡಾ ಬಾಯಿಯ ತಮ್ಮ ಕಾನ್ರಾಡ್ ಮಡಿಕೇರಿಯಲ್ಲಿ ಜೀಪು ಓಡಿಸುವವನು. ಅವನು ಯಾವ ವೆಬ್‌ಸೈಟಿಗೂ ಹೋಗಲಿಲ್ಲ. ಶುಕ್ರವಾರ ನಮಾಜು ಬಿಡುವ ಹೊತ್ತಿಗೆ ಪಳ್ಳಿಯ ಗೇಟಿನಲ್ಲಿ ಜೀಪು ನಿಲ್ಲಿಸಿ, ಬಂದವರನ್ನೆಲ್ಲ ಕೇಳಿದನಂತೆ. ಮುಂದಿನ ಶನಿವಾರ ವಿಡಿಯೋ ಕಾಲಿನಲ್ಲಿ ಅವನ ಪಕ್ಕ ಒಬ್ಬರು ಕೂತಿದ್ದರು: ಎಪ್ಪತ್ತರ ಆಸುಪಾಸು, ಉಣ್ಣೆಯ ಟೊಪ್ಪಿ, ಬಲ್ಯುಮ್ಮನದೇ ಮೂಗು. ಆ ಮೂಗಿಗೆ ಬೇರೆ ದಾಖಲೆ ಬೇಕಾಗಿರಲಿಲ್ಲ.

“ನನ್ನ ಹೆಸರು ಹಾಶಿಮ್,” ಎಂದರು. “ಮೊಯ್ದೀನ್ ಬ್ಯಾರಿ ನನ್ನ ಉಪ್ಪ. ಕಿತ್ತಳೆ ವ್ಯಾಪಾರ ಮಾಡ್ತಿದ್ರು. ಎಂಬತ್ತೊಂದನೇ ಇಸವಿಯಲ್ಲಿ ತೀರಿಕೊಂಡ್ರು. ನೀವು ಯಾರಾಗಬೇಕು?”

“ನಿನ್ನ ಅಕ್ಕ,” ಎಂದಳು ಬಲ್ಯುಮ್ಮ.

ಆ ಕಡೆ ಹಾಶಿಮ್ ಟೊಪ್ಪಿ ತೆಗೆದರು, ಮತ್ತೆ ಹಾಕಿಕೊಂಡರು. ಕಾನ್ರಾಡ್ ಅವರಿಗೆ ನೀರು ಕೊಟ್ಟ.

“ನಿಮ್ಮ ಊರು ಯಾವುದು ಅಂತ ಕೇಳಿದ್ರೆ ಉಪ್ಪ ಹೆಸರು ಹೇಳ್ತಿರಲಿಲ್ಲ,” ಎಂದರು ಕೊನೆಗೆ. “‘ಬಹಳ ದೂರ. ಈಗ ಹೋಗ್ಲಿಕ್ಕೆ ಆಗುವುದಿಲ್ಲ’ ಅಂತಿದ್ರು. ನಾವು ಸಮುದ್ರದ ಆಚೆ ಅಂತ ಗ್ರಹಿಸಿದ್ದು.”

“ಉಪ್ಪಿನಂಗಡಿ,” ಎಂದಳು ಬಲ್ಯುಮ್ಮ.

“ಉಪ್ಪಿನಂಗಡಿಯಾ! ನನ್ನ ಮಗಳನ್ನು ಕೊಟ್ಟದ್ದು ಪುತ್ತೂರಿಗೆ! ತಿಂಗಳಿಗೊಮ್ಮೆ ಹೋಗ್ತೇನೆ ನಾನು!”

ಬಲ್ಯುಮ್ಮ ಫೋನಿಗೆ ಮುಖ ಹತ್ತಿರ ತಂದಳು. ಹಿಶಾಮ ಟಿಶ್ಯೂ ಡಬ್ಬಿಯನ್ನು ಹತ್ತಿರ ಜರುಗಿಸಿದ. ಅವಳು ಅದನ್ನು ದೂರ ತಳ್ಳಿದಳು.

“ಕಬರ್ ಎಲ್ಲಿ?”

“ಇಲ್ಲೇ, ಪಳ್ಳಿಯ ಹಿಂದೆ.”

“ನಾನು ಬರ್ತೇನೆ. ಮೊದಲು ಅವರಿಗೆ ನಾಲ್ಕು ಬೈಬೇಕು ನನಗೆ. ಬೈದು ಮುಗಿದ ಮೇಲೆ ಅವರಿಗೋಸ್ಕರ ಯಾಸೀನ್ ಓದ್ತೇನೆ. ಆ ಹುಡುಗಿಯ ಜಡೆ ಸುಮ್ಮನೆ ಕಿತ್ತೆನಲ್ಲ, ಅದನ್ನೂ ಹೇಳ್ಲಿಕ್ಕುಂಟು.”

ಹಾಶಿಮ್ ಹಿಂಜರಿದರು. “ಅಕ್ಕಾ, ಇಲ್ಲಿ ಹೆಂಗಸರು ಕಬರಸ್ಥಾನದ ಒಳಗೆ ಹೋಗುವ ಕ್ರಮ ಇಲ್ಲ…”

“ಗೋಡೆ ಎಷ್ಟೆತ್ತರ ಉಂಟು?”

“ಎದೆಮಟ್ಟ.”

“ಸಾಕು. ನನ್ನ ಸ್ವರ ನೀನು ಕೇಳಿಲ್ಲ ಇನ್ನೂ.”

ಫೋನಿನ ಆ ಕಡೆಯಿಂದ ಒಂದು ನಗು ಬಂತು, ನಗುವಿನ ಹಿಂದೆಯೇ ಮೂಗು ಒರೆಸುವ ಸದ್ದು. ಜಸೀಲ ಆಗಲೇ ಮಂಗಳೂರಿನ ಟಿಕೆಟ್ಟನ್ನು ಇನ್ನೂ ಬೇಗದ ತಾರೀಖಿಗೆ ಬದಲಿಸಲು ಏಜೆಂಟಿಗೆ ಮೆಸೇಜು ಹಾಕುತ್ತಿದ್ದಳು.

“ಚಳಿ ಉಂಟಾ ಅಲ್ಲಿ?” ಬಲ್ಯುಮ್ಮ ಕೇಳಿದಳು.

“ಈಗ ಮಳೆ ಅಕ್ಕಾ, ಚಳಿಯೂ ಉಂಟು. ಬೆಚ್ಚಗೆ ಏನಾದ್ರೂ ತನ್ನಿ.”

ಹೊರಗೆ ಅಬುಧಾಬಿಯ ಜುಲೈ, ನಲವತ್ತಾರು ಡಿಗ್ರಿ. ಒಲಿಂಡಾ ಬಾಯಿ ಮಂಚದಡಿಯ ಸೂಟ್‌ಕೇಸ್ ಎಳೆದು, ನುಸಿಗುಳಿಗೆಯ ವಾಸನೆಯ ಒಂದು ಕೆಂಪು ಸ್ವೆಟರ್ ತೆಗೆದರು. ಬಲ್ಯುಮ್ಮ ಅದನ್ನು ಅಲ್ಲೇ ತೊಟ್ಟು, ಗುಂಡಿ ಹಾಕಿ, ಎದ್ದು ನಿಂತಳು.

“ಹಿಶಾಮ, ಆ ಎಸಿಯನ್ನು ಹದಿನಾರಕ್ಕೆ ಇಡು,” ಎಂದಳು. “ಸ್ವಲ್ಪ ಅಭ್ಯಾಸ ಆಗ್ಲಿ.”